ಹಾವಿನ ಪೊರೆ ಎಳೆಯುವ ರೀಲ್ಸ್‌ಗೆ ನನ್ನ ಲೈಕ್ ಇಲ್ಲ

ಕಳೆದ ತಿಂಗಳು ನಮ್ಮ ತರಗತಿಯ ವಾಟ್ಸಾಪ್ ಗ್ರೂಪಿಗೆ ಯಾರೋ ಒಂದು ರೀಲ್ ಹಾಕಿದರು. ಒಂದು ಹಾವು. ಗ್ಲೌಸ್ ಹಾಕಿದ ಕೈಯೊಂದು ಅದರ ಮೈಮೇಲಿನ ಒಣಗಿದ ಪೊರೆಯನ್ನು ಹೊಸ ಮೊಬೈಲಿನ ಪ್ಲಾಸ್ಟಿಕ್ ಹಾಳೆ ಕೀಳುವಂತೆ ನಿಧಾನವಾಗಿ ಎಳೆಯುತ್ತದೆ. ಹಿಂದೆ ಮೆದುವಾದ ಸಂಗೀತ. ಐದು ನಿಮಿಷದಲ್ಲಿ ಗ್ರೂಪಿನಲ್ಲಿ ಹನ್ನೆರಡು ಹೃದಯ ಬಿದ್ದವು. ‘ನೋಡಿದರೆ ಏನೋ ಸಮಾಧಾನ’ ಎಂದು ಒಬ್ಬರು, ‘ಪಾಪ, ಎಷ್ಟು ಚೆನ್ನಾಗಿ ಸಹಾಯ ಮಾಡ್ತಿದ್ದಾರೆ’ ಎಂದು ಇನ್ನೊಬ್ಬರು. ‘ಇದು ಸಹಾಯ ಅಲ್ಲ’ ಎಂದು ನಾನು ಬರೆದೆ. ‘ಶುರುವಾಯ್ತು ಮಾರಾಯ್ರೇ ಲೆಕ್ಚರ್’ ಎಂಬ ಉತ್ತರ ಬಂತು. ಗ್ರೂಪಿನಲ್ಲಿ ಜಗಳ ಮಾಡುವುದಕ್ಕಿಂತ ನಮ್ಮ ಪತ್ರಿಕೆಯಲ್ಲಿ ಬರೆಯುವುದೇ ಮೇಲು ಅನ್ನಿಸಿ ಈ ಲೇಖನ.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನೂ ಎಳೆದಿದ್ದೇನೆ. ಆ ರೀಲ್ ನೋಡಿದಾಗ ನನಗೆ ಹೊಟ್ಟೆ ತೊಳಸಿದ್ದು ಅದಕ್ಕೇ.

ಕಳೆದ ಬೇಸಿಗೆ ರಜೆಯಲ್ಲಿ, ಈದ್ ಮುಗಿಸಿ, ಬೆಂಗಳೂರಿನ ದೊಡ್ಡಮ್ಮನ ಮನೆಗೆ ಹೋಗಿದ್ದೆ. ದೊಡ್ಡಮ್ಮನ ಮಗ, ಅಂದರೆ ನನ್ನ ಅಣ್ಣ, ಒಂದು ಬಾಲ್ ಪೈಥಾನ್ ಸಾಕಿದ್ದಾನೆ. ಆಫ್ರಿಕಾದ ಹೆಬ್ಬಾವಿನ ಜಾತಿ, ವಿಷವಿಲ್ಲ. ಹೆದರಿದರೆ ತಲೆಯನ್ನು ಒಳಗೆ ಸೇರಿಸಿ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಕಂದು ಮೈ, ಅದರ ಮೇಲೆ ಹೊಂಬಣ್ಣದ ಪಟ್ಟೆ. ದೊಡ್ಡಮ್ಮ ಅದಕ್ಕಿಟ್ಟ ಹೆಸರು ಖರ್ಜೂರ. ಆಗ ಅದಕ್ಕೆ ಒಂದೂವರೆ ವರ್ಷ. ಅಣ್ಣ ಮತ್ತು ದೊಡ್ಡಮ್ಮ ಉಮ್ರಾಕ್ಕೆ ಹೊರಟಿದ್ದರು. ದೊಡ್ಡಪ್ಪ ಮನೆಯಲ್ಲೇ ಇದ್ದರು, ಆದರೆ ಅವರು ಆ ಕೋಣೆಯ ಬಾಗಿಲನ್ನೂ ಮುಟ್ಟುವವರಲ್ಲ. ಹಾಗಾಗಿ ಹದಿನಾಲ್ಕು ದಿನ ಖರ್ಜೂರದ ಜವಾಬ್ದಾರಿ ನನ್ನದು. ಬಯಾಲಜಿಯಲ್ಲಿ ಒಳ್ಳೆಯ ಅಂಕ ಬಂದಿತ್ತಲ್ಲ, ನಾನು ಹೆಮ್ಮೆಯಿಂದಲೇ ಒಪ್ಪಿಕೊಂಡೆ.

ಅಣ್ಣ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದ. ನೀರು ದಿನವೂ ಬದಲಿಸು. ಪೆಟ್ಟಿಗೆಯ ತೇವಾಂಶ 60ಕ್ಕಿಂತ ಕೆಳಗೆ ಇಳಿಯಬಾರದು. ಕಣ್ಣು ನೀಲಿಯಾದರೆ 70 ದಾಟಿಸು. ಆಗ ಊಟ ಬೇಡ, ಎತ್ತುವುದೂ ಬೇಡ. ಕೊನೆಯ ಸಾಲಿಗೆ ಎರಡು ಗೆರೆ ಎಳೆದಿದ್ದ: ಮುಚ್ಚಳದ ಮೇಲಿನ ಒದ್ದೆ ಟವೆಲ್ ತೆಗೆಯಬೇಡ.

ನಾನು ಮೊದಲು ಮಾಡಿದ ಕೆಲಸವೇ ಟವೆಲ್ ತೆಗೆದದ್ದು. ಅದು ಮುಗ್ಗಲು ವಾಸನೆ ಬರುತ್ತಿತ್ತು. ಏಪ್ರಿಲ್‌ನ ಸೆಖೆ ಬೇರೆ. ಪಾಪ ಹಾವಿಗೂ ಗಾಳಿ ಬೇಕು ಎಂದು ಟೇಬಲ್ ಫ್ಯಾನನ್ನೂ ಆ ಕಡೆಗೇ ತಿರುಗಿಸಿದೆ. ಪೆಟ್ಟಿಗೆಯೊಳಗಿನ ತೇವಾಂಶದ ಮೀಟರ್ 34 ತೋರಿಸುತ್ತಿದ್ದುದನ್ನು ನಾನು ನೋಡಲಿಲ್ಲ ಎಂದಲ್ಲ. ನೋಡಿದೆ. ಹಾವು ಎಂದರೆ ಒಣ ನೆಲದ, ಕಲ್ಲುಬಂಡೆಯ ಪ್ರಾಣಿ ಎಂದು ತಲೆಯಲ್ಲಿ ಕೂತಿತ್ತು, ಅಷ್ಟೇ. ನಾವು ಕರಾವಳಿಯವರು. ಇಲ್ಲಿ ಗಾಳಿಯಲ್ಲೇ ನೀರಿರುತ್ತದೆ, ತೊಳೆದ ಬಟ್ಟೆ ಒಣಗುವುದಿಲ್ಲ, ಬೀರುವಿನಲ್ಲಿಟ್ಟ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಒಣಗಾಳಿಯೂ ಒಂದು ಕಷ್ಟ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಬೆಂಗಳೂರಿನ ಬೇಸಿಗೆಯ ಮಧ್ಯಾಹ್ನದಲ್ಲಿ ನಮ್ಮ ತುಟಿಯೇ ಒಡೆಯುತ್ತದೆ.

ಮೂರನೆಯ ದಿನ ಖರ್ಜೂರದ ಬಣ್ಣ ಮಂಕಾಯಿತು, ಬೂದಿ ಉಜ್ಜಿದ ಹಾಗೆ. ಐದನೆಯ ದಿನ ಕಣ್ಣು ಎರಡೂ ಹಾಲು ಬೆರೆಸಿದ ನೀಲಿ. ಚೀಟಿಯಲ್ಲಿ ಓದಿದ್ದರೂ ಕಣ್ಣೆದುರು ನೋಡಿದಾಗ ಕುರುಡಾಯಿತೇನೋ ಎಂದು ಎದೆ ಧಸಕ್ಕೆಂದಿತು. ಎಂಟನೆಯ ದಿನ ಕಣ್ಣು ಮತ್ತೆ ತಿಳಿಯಾಯಿತು. ಅಬ್ಬ, ಎಲ್ಲ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಅಸಲಿ ಕೆಲಸ ಶುರುವಾಗುವುದೇ ಕಣ್ಣು ತಿಳಿಯಾದ ಕೆಲವು ದಿನಗಳ ಮೇಲೆ.

ಇಲ್ಲಿ ಸ್ವಲ್ಪ ಪಾಠ. ನಮ್ಮ ಪ್ರಥಮ ಪಿಯುಸಿ ಬಯಾಲಜಿಯ ಪ್ರಾಣಿ ಸಾಮ್ರಾಜ್ಯದ ಅಧ್ಯಾಯದಲ್ಲಿ ಹಾವು ಹಲ್ಲಿಗಳು ಪೊರೆ ಬಿಡುವ ವಿಚಾರ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ. ನಾನೂ ಅದನ್ನು ಒಂದು ಅಂಕದ ಪ್ರಶ್ನೆ ಎಂದೇ ಓದಿದ್ದೆ. ನಮ್ಮ ಚರ್ಮವೂ ಉದುರುತ್ತದೆ, ಆದರೆ ದಿನವೂ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ. ಹಾವಿನದು ಹಾಗಲ್ಲ. ಹಳೆಯ ಹೊರಪದರದ ಅಡಿಯಲ್ಲಿ ಹೊಸದೊಂದು ಪದರ ಪೂರ್ತಿಯಾಗಿ ತಯಾರಾಗುತ್ತದೆ, ಹುರುಪೆಗಳ ಸಮೇತ. ಅದು ಸಿದ್ಧವಾದ ಮೇಲೆ ಎರಡು ಪದರಗಳ ನಡುವೆ ಒಂದು ದ್ರವ ತುಂಬಿಕೊಳ್ಳುತ್ತದೆ. ಹಳೆಯದನ್ನು ಹೊಸದರಿಂದ ಬಿಡಿಸುವುದು ಅದರ ಕೆಲಸ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಒಂದು ಪಾರದರ್ಶಕ ಹುರುಪೆ ಇರುತ್ತದೆ, ಹುಟ್ಟಿನಿಂದಲೇ ಕನ್ನಡಕ ಹಾಕಿಕೊಂಡ ಹಾಗೆ. ಆ ಹುರುಪೆಯ ಅಡಿಗೂ ದ್ರವ ತುಂಬುವುದರಿಂದ ಕಣ್ಣು ನೀಲಿಯಾಗಿ ಕಾಣುತ್ತದೆ. ದ್ರವ ಹೀರಿಕೊಂಡಾಗ ಕಣ್ಣು ತಿಳಿಯಾಗುತ್ತದೆ. ಆಮೇಲೆ ಹಾವು ಮೂತಿಯನ್ನು ಕಲ್ಲಿಗೋ ಕೊಂಬೆಗೋ ಉಜ್ಜುತ್ತದೆ, ತುಟಿಯ ಅಂಚಿನಲ್ಲಿ ಪೊರೆ ಸೀಳುತ್ತದೆ, ಹಾವು ಮುಂದಕ್ಕೆ ಹರಿಯುತ್ತಾ ಹೋಗುತ್ತದೆ, ಪೊರೆ ಕಾಲುಚೀಲ ಬಿಚ್ಚಿದ ಹಾಗೆ ಒಳಹೊರಗಾಗಿ ಹಿಂದೆ ಉಳಿಯುತ್ತದೆ. ಎಲ್ಲ ಸರಿಯಾಗಿದ್ದರೆ ಮೂಗಿನಿಂದ ಬಾಲದ ತುದಿಯವರೆಗೆ ಒಂದೇ ತುಂಡು, ಆ ಎರಡು ಕನ್ನಡಕದ ಗಾಜುಗಳೂ ಸೇರಿ.

ಈ ಇಡೀ ಕೆಲಸಕ್ಕೆ ಬೇಕಾದದ್ದು ನೀರು. ದೇಹದೊಳಗೆ ನೀರು ಕಡಿಮೆಯಾಗಿ, ಹೊರಗೆ ಗಾಳಿಯೂ ಒಣಗಿದರೆ ಪೊರೆ ಅಂಟಿಕೊಂಡುಬಿಡುತ್ತದೆ. ಒಂದೇ ತುಂಡಾಗಿ ಬರಬೇಕಾದದ್ದು ಚಿಂದಿಚಿಂದಿಯಾಗಿ ಹರಿಯುತ್ತದೆ.

ಹನ್ನೊಂದನೆಯ ದಿನ ಬೆಳಿಗ್ಗೆ ನಾನು ಕಂಡದ್ದು ಅದನ್ನೇ. ಪೆಟ್ಟಿಗೆಯ ಮೂಲೆಯಲ್ಲಿ ಪೊರೆಯ ಚೂರುಗಳು. ಖರ್ಜೂರದ ಕುತ್ತಿಗೆಯ ಮೇಲೆ, ಬೆನ್ನ ಮೇಲೆ, ಒಣಗಿದ ಫೆವಿಕಾಲ್‌ನಂತೆ ಅಂಟಿದ ತೇಪೆಗಳು. ಬಾಲದ ತುದಿಗೆ ಒಂದು ಉಂಗುರ.

ನಾನು ನೋಡಿದ್ದ ಅಷ್ಟೂ ರೀಲ್ಸ್ ಆಗ ತಲೆಗೆ ಬಂದವು. ಎತ್ತಿಕೊಂಡು ಬೆನ್ನಿನ ಒಂದು ತುಂಡನ್ನು ಎಳೆದೆ. ಸರಾಗವಾಗಿ ಬಂತು. ನಿಜ ಹೇಳುತ್ತೇನೆ, ಖುಷಿಯಾಯಿತು. ಆ ‘ಸಮಾಧಾನ’ ಸುಳ್ಳಲ್ಲ. ಎರಡನೆಯದು ಕುತ್ತಿಗೆಯದು. ಸ್ವಲ್ಪ ಬಿಗಿಯಾಗಿತ್ತು, ನಾನೂ ಸ್ವಲ್ಪ ಬಿಗಿಯಾಗಿ ಎಳೆದೆ. ಪೊರೆಯ ಜೊತೆ ಅಡಿಯ ಹುರುಪೆಯೂ ಬಂತು. ಸಾಸಿವೆ ಕಾಳಿನಷ್ಟು ರಕ್ತ. ಖರ್ಜೂರ ಕೂಗಲಿಲ್ಲ, ಅದಕ್ಕೆ ಕೂಗಲು ಬರುವುದಿಲ್ಲ. ನನ್ನ ಕೈಯಲ್ಲೇ ಚೆಂಡಾಯಿತು. ತಲೆ ಒಳಗೆ. ಅಷ್ಟು ದಿನದಲ್ಲಿ ಅದು ನನ್ನ ಕೈಯಲ್ಲಿ ಹಾಗೆ ಸುತ್ತಿಕೊಂಡದ್ದು ಅದೇ ಮೊದಲು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಮತ್ತೆ ಸಡಿಲವಾದಾಗ ನೋಡಿದರೆ ಬಲಗಣ್ಣಿನ ಮೇಲೆ ಹಳೆಯ ಗಾಜು ಹಾಗೇ ಉಳಿದಿತ್ತು, ಸುಕ್ಕುಗಟ್ಟಿ. ದೊಡ್ಡಮ್ಮನ ಫಸ್ಟ್ ಏಡ್ ಡಬ್ಬಿಯಲ್ಲಿ ಒಂದು ಚಿಮಟ ಇತ್ತು. ಅದನ್ನು ಹಿಡಿದುಕೊಂಡೇ ಅಣ್ಣನಿಗೆ ವೀಡಿಯೊ ಕಾಲ್ ಮಾಡಿದೆ, ‘ತೆಗೆದುಬಿಡಲಾ’ ಎಂದು ಕೇಳಲು. ನಮಗೆ ಎಂಟೂವರೆ, ಮಕ್ಕಾದಲ್ಲಿ ಆರು ಗಂಟೆ. ಫಜ್ರ್ ಮುಗಿಸಿ ಕೋಣೆಗೆ ಬಂದವನು ಕ್ಯಾಮೆರಾ ನೋಡಿದ್ದೇ ತಡ ಕಿರುಚಿದ: ‘ಚಿಮಟ ಕೆಳಗಿಡು! ಮೊದಲು ಚಿಮಟ ಕೆಳಗಿಡು!’ ಆ ಕಡೆ ದೊಡ್ಡಮ್ಮ ಯಾರಿಗೆ ಏನಾಯಿತೋ ಎಂದು ಗಾಬರಿಯಾಗಿ ಓಡಿ ಬಂದರಂತೆ.

ಚಿಮಟದ ತುದಿ ಹಳೆಯ ಗಾಜಿನ ಜೊತೆ ಹೊಸದನ್ನೂ ಕಿತ್ತರೆ ಕಣ್ಣಿನ ಕಾರ್ನಿಯಾವೇ ಬಯಲಾಗುತ್ತದೆ. ಕಣ್ಣು ಹೋಗಬಹುದು. ನಾನು ಆ ಕೆಲಸಕ್ಕೆ ಎಷ್ಟು ಹತ್ತಿರ ಬಂದಿದ್ದೆ ಎಂದು ಈಗಲೂ ನೆನಪಾಗುತ್ತದೆ.

ಬೆಂಗಳೂರಿನಂಥ ಊರಿನಲ್ಲೂ ಹಾವನ್ನು ನೋಡುವ ಪಶುವೈದ್ಯರು ಸುಲಭಕ್ಕೆ ಸಿಗುವುದಿಲ್ಲ. ಎರಡು ಕಡೆ ‘ನಾಯಿ ಬೆಕ್ಕು ಮಾತ್ರ’ ಎಂದರು. ಮೂರನೆಯ ಕಡೆ ಒಬ್ಬ ಡಾಕ್ಟರಮ್ಮ ಸಿಕ್ಕರು. ಅವರು ಹಾವನ್ನು ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಪೆಟ್ಟಿಗೆಯಲ್ಲಿ ತೇವಾಂಶ ಎಷ್ಟಿತ್ತು?’ ಮೂವತ್ತನಾಲ್ಕು ಎಂದೆ. ಫ್ಯಾನಿನ ವಿಷಯವನ್ನೂ ಹೇಳಿದೆ. ಅವರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಒದ್ದೆ ಟಿಶ್ಯೂವಿನಿಂದ ಮೈ ಒರೆಸಿ ಅದರ ಮೇಲೆ ಕಪ್ಪು ಚುಕ್ಕೆಗಳಿವೆಯೇ ಎಂದು ನೋಡಿದರು. ಹಾವಿನ ಹುರುಪೆಗಳ ಸಂದಿಯಲ್ಲಿ ಸೇರುವ ನುಸಿಗಳಿದ್ದರೂ ಪೊರೆ ಕೆಡುತ್ತದಂತೆ. ಹಳೆಯ ಗಾಯ, ಸರಿಯಿಲ್ಲದ ಬಿಸಿ, ಕಾಯಿಲೆ ಇವೂ ಕಾರಣ ಆಗಬಹುದು. ಖರ್ಜೂರಕ್ಕೆ ನುಸಿ ಇರಲಿಲ್ಲ. ಅದಕ್ಕಿದ್ದದ್ದು ನಾನು.

ಕುತ್ತಿಗೆಯ ಗಾಯಕ್ಕೆ ತೆಳುಮಾಡಿದ ಅಯೋಡಿನ್ ಹಚ್ಚಿದರು. ಕಣ್ಣನ್ನು ಅವರೂ ಮುಟ್ಟಲಿಲ್ಲ. ತೇವ ಸರಿಮಾಡಿ, ಮುಂದಿನ ಪೊರೆಯ ಜೊತೆ ಅದೂ ಹೋಗುತ್ತದೆ, ಹೋಗದಿದ್ದರೆ ಕರೆತನ್ನಿ ಎಂದರು. ಬಾಲದ ಉಂಗುರವನ್ನು ಮಾತ್ರ ಬಿಡಬೇಡಿ ಎಂದರು. ಅದು ಒಣಗುತ್ತಾ ಬಿಗಿಯಾಗಿ ರಕ್ತ ಓಡದಂತೆ ಮಾಡುತ್ತದೆ, ಒಂದರ ಮೇಲೊಂದು ಪೊರೆಯ ಉಂಗುರ ಸೇರಿದರೆ ಬಾಲದ ತುದಿ ಕಪ್ಪಾಗಿ ಉದುರಿಹೋಗುತ್ತದೆ. ಹಾಗಾದರೆ ಅದನ್ನು ಎಳೆಯಲೇ ಎಂದು ಕೇಳಿದೆ. ‘ನೀವು ಎಳೆಯುವುದಲ್ಲ. ಅದು ಬಿಡುವ ಹಾಗೆ ಮಾಡುವುದು’ ಎಂದರು.

ಮಾಡಿದ್ದು ಹೀಗೆ. ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಮದುವೆ ಮನೆಯಿಂದ ಬಿರಿಯಾನಿ ಬಂದದ್ದು, ಅದರ ಪಕ್ಕದಲ್ಲಿ ಹಾವು ನುಸುಳುವಷ್ಟು ತೂತು ಕೊರೆದು ಅಂಚನ್ನು ಉಜ್ಜಿ ನುಣುಪು ಮಾಡಿದೆ. ಒಳಗೆ ತುಂಬಲು ಅಣ್ಣ ಹೇಳಿದ ಪಾಚಿ ಸಿಗಲಿಲ್ಲ, ನರ್ಸರಿಯಿಂದ ತೆಂಗಿನ ನಾರಿನ ಪುಡಿ ತಂದೆ. ಅದನ್ನು ನೆನೆಸಿ, ಹಿಂಡಿದರೆ ಹನಿ ಬೀಳದಷ್ಟು ಹಿಂಡಿ ತುಂಬಿದೆ. ಟವೆಲ್ ಮತ್ತೆ ಮುಚ್ಚಳದ ಮೇಲೆ, ಈ ಸಲ ದಿನವೂ ಒಗೆದು. ಫ್ಯಾನ್ ಹೊರಗೆ. ಖರ್ಜೂರ ಆ ಡಬ್ಬಿಗೆ ತಾನಾಗಿಯೇ ಹೋಯಿತು, ರಾತ್ರಿಯಿಡೀ ಹೊರಗೆ ಬರಲಿಲ್ಲ. ಮರುದಿನ ಉಗುರುಬೆಚ್ಚಗಿನ ನೀರಿನಲ್ಲಿ, ಅದರ ಮೈಯ ಅರ್ಧವೂ ಮುಳುಗದಷ್ಟು ಕಡಿಮೆ ನೀರಿನಲ್ಲಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ನಾನು ಅಲ್ಲೇ ಕೂತಿದ್ದೆ. ಹಾವು ಈಜುತ್ತದೆ ನಿಜ, ಆದರೆ ಸುಸ್ತಾದ ಹಾವನ್ನು ನೀರಿನಲ್ಲಿ ಬಿಟ್ಟು ಫೋನ್ ನೋಡಲು ಹೋಗುವಂತಿಲ್ಲ. ಆಮೇಲೆ ಒದ್ದೆ ಟವೆಲನ್ನು ಎರಡು ಕೈಯಲ್ಲಿ ಸಡಿಲವಾಗಿ ಹಿಡಿದು ಅದರ ನಡುವೆ ಅದೇ ಹರಿದುಹೋಗಲು ಬಿಟ್ಟೆ. ಟವೆಲಿನಲ್ಲಿ ಪೊರೆಯ ಚೂರುಗಳು ಉಳಿದವು. ನನ್ನ ಬೆರಳು ಏನೂ ಮಾಡಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಬಾಲದ ಉಂಗುರ ಡಬ್ಬಿಯ ನಾರಿನಲ್ಲಿ ಸಿಕ್ಕಿತು. ನನಗೆ ಎಸೆಸೆಲ್ಸಿ ಫಲಿತಾಂಶ ಬಂದ ದಿನವೂ ಅಷ್ಟು ನೆಮ್ಮದಿಯಾಗಿರಲಿಲ್ಲ.

ಈ ನಡುವೆ ಸಲಹೆಗಳಿಗೆ ಕೊರತೆ ಇರಲಿಲ್ಲ. ಊರಿನಿಂದ ಅಜ್ಜಿ ಫೋನಿನಲ್ಲಿ ತೆಂಗಿನೆಣ್ಣೆ ಹಚ್ಚು ಎಂದರು (ಅಜ್ಜಿಗೆ ಎಲ್ಲ ರೋಗಕ್ಕೂ ತೆಂಗಿನೆಣ್ಣೆಯೇ). ಪಕ್ಕದ ಮನೆಯವರು ವ್ಯಾಸಲೀನ್ ಎಂದರು. ಎರಡಕ್ಕೂ ಡಾಕ್ಟರಮ್ಮ ಬೇಡ ಎಂದಿದ್ದರು. ಅದಕ್ಕೆ ಬೇಕಾದದ್ದು ನೀರು, ಜಿಡ್ಡಲ್ಲ. ಹಾಗೆಂದು ಪೆಟ್ಟಿಗೆಯನ್ನು ಕೆಸರುಗದ್ದೆ ಮಾಡಿದರೂ ಆಗದು. ಸದಾ ಒದ್ದೆಯಾದ ನೆಲದಲ್ಲಿ ಮಲಗಿದರೆ ಹೊಟ್ಟೆಯ ಹುರುಪೆಗಳು ಗುಳ್ಳೆಯೆದ್ದು ಕೊಳೆಯುತ್ತವೆ, ಗಾಳಿಯಾಡದಿದ್ದರೆ ಉಸಿರಾಟದ ಸೋಂಕು ಬರುತ್ತದೆ.

ಖರ್ಜೂರದ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾ. ಘಾನಾ, ಟೋಗೊ, ಬೆನಿನ್ ದೇಶಗಳಿಂದ ಈ ಜಾತಿಯ ಹಾವುಗಳು ಸಾಕಣೆಯ ವ್ಯಾಪಾರಕ್ಕೆಂದು ದೊಡ್ಡ ಸಂಖ್ಯೆಯಲ್ಲಿ ಹೊರದೇಶಗಳಿಗೆ ಹೋಗಿವೆ. ಅಲ್ಲಿನ ಹುಲ್ಲುಗಾವಲಿನಲ್ಲೂ ಒಣಗಾಲವಿದೆ. ಅಲ್ಲಿ ಇವುಗಳ ಮೇಲೆ ಟವೆಲ್ ಹಾಸುವವರು ಯಾರೂ ಇಲ್ಲ. ಹಾಗಾದರೆ ಅವು ಹೇಗೆ ಪೊರೆ ಬಿಡುತ್ತವೆ? ಅವು ಹಗಲು ಹೊತ್ತನ್ನು ಇಲಿಗಳ ಬಿಲದಲ್ಲಿ ಮತ್ತು ಗೆದ್ದಲಿನ ಹುತ್ತದಲ್ಲಿ ಕಳೆಯುತ್ತವೆ. ಹುತ್ತ! ಇದನ್ನು ಓದಿದಾಗ ನಾನು ನಕ್ಕುಬಿಟ್ಟೆ. ಹಾವು ಎಂದರೆ ಹುತ್ತ ಎಂದು ನಮ್ಮ ಊರಿನ ಎಳೆ ಮಗುವಿಗೂ ಗೊತ್ತು. ಯಾಕೆ ಎಂದು ನಾವು ಕೇಳಿಲ್ಲ ಅಷ್ಟೇ. ಹೊರಗೆ ಬೆಂಕಿ ಬಿಸಿಲಿರಲಿ, ಹುತ್ತದ ಒಳಗೆ ತಂಪು, ಗಾಳಿಯಲ್ಲಿ ತೇವ. ನಾನು ಬಿರಿಯಾನಿ ಡಬ್ಬಿಯಲ್ಲಿ ಕಟ್ಟಿದ್ದು ಒಂದು ಕಳಪೆ ಹುತ್ತ. ಹಾವನ್ನು ಅದರ ಹುತ್ತದಿಂದ ಬಿಡಿಸಿ ಗಾಜಿನ ಪೆಟ್ಟಿಗೆಗೆ ತಂದವರು ನಾವು. ಆ ಪೆಟ್ಟಿಗೆಯಲ್ಲಿ ಪೊರೆ ಅಂಟಿಕೊಂಡರೆ ಅದು ಹಾವಿನ ತೊಂದರೆಯಲ್ಲ, ಇಟ್ಟವರ ಮಾರ್ಕ್ಸ್ ಕಾರ್ಡ್.

ಆದ್ದರಿಂದ ಆ ರೀಲ್ ಬಗ್ಗೆ ನನ್ನ ತಕರಾರು ಇದು. ಅದರಲ್ಲಿ ಕಾಣುವುದು ಕೊನೆಯ ಒಂದು ನಿಮಿಷ. ಅಷ್ಟೊಂದು ಒಣಗಿದ ಪೊರೆ ಆ ಮೈಮೇಲೆ ಉಳಿದದ್ದು ಹೇಗೆ ಎಂದು ಅದು ತೋರಿಸುವುದಿಲ್ಲ. ಎರಡು ವಾರ ನೀರು, ತೇವ ನೋಡಿಕೊಂಡಿದ್ದರೆ ಆ ಕೈಗೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ. ಕೆಲವೊಮ್ಮೆ ಅನಾಥವಾಗಿ ಸಿಕ್ಕ, ಬೇರೆಯವರು ಕೆಡಿಸಿದ ಹಾವನ್ನು ವೈದ್ಯರು ಹಾಗೆ ಬಿಡಿಸಬೇಕಾಗುತ್ತದೆ, ಒಪ್ಪುತ್ತೇನೆ. ಆದರೆ ಆ ವೀಡಿಯೊಗೆ ಮೆದು ಸಂಗೀತ ಯಾಕೆ? ಚೆನ್ನಾಗಿ ನೋಡಿಕೊಂಡ ಹಾವಿನ ವೀಡಿಯೊ ಮಾಡಿದರೆ ಯಾರೂ ನೋಡುವುದಿಲ್ಲ: ಒಂದು ಡಬ್ಬಿ, ಒಂದು ತೂತು, ಒಳಗೆ ಕತ್ತಲೆ, ಹನ್ನೆರಡು ಗಂಟೆ ಏನೂ ಆಗುವುದಿಲ್ಲ. ನಾವು ಹೃದಯ ಒತ್ತುವುದು ಎಳೆಯುವುದಕ್ಕೆ. ನಾವು ಒತ್ತುವುದರಿಂದಲೇ ಇನ್ನೊಬ್ಬ ಎಳೆದು ತೋರಿಸುತ್ತಾನೆ. ನಾನು ಬೆಂಗಳೂರಿನಲ್ಲಿ ಎಳೆದದ್ದೂ ಅದನ್ನು ನೋಡಿಯೇ.

ಇದನ್ನೆಲ್ಲ ಹೇಳಿದಾಗ ಗೆಳೆಯರು ಕೇಳಿದ ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕು.

ಒಂದು, ಹಾವು ಸಾಕುವುದು ದೀನಿನಲ್ಲಿ ಸರಿಯೇ? ಕೇಳಿದವರು ನಗುತ್ತಾ ಕೇಳಿದರು, ಆದರೆ ಪ್ರಶ್ನೆ ಗಂಭೀರವೇ. ಫಿಕ್ಹ್ ನನ್ನ ವಿಷಯವಲ್ಲ, ಅದನ್ನು ಉಲಮಾಗಳಲ್ಲೇ ಕೇಳಬೇಕು. ಅಣ್ಣನಿಗೂ ಅಜ್ಜಿಗೂ ಈ ವಿಚಾರದಲ್ಲಿ ಇನ್ನೂ ಮಾತು ನಡೆಯುತ್ತಿದೆ. ನಾನು ಹೇಳುವುದು ಇಟ್ಟುಕೊಂಡ ಮೇಲಿನ ಮಾತು. ಬೆಕ್ಕನ್ನು ಕೂಡಿಹಾಕಿ ಅನ್ನನೀರು ಕೊಡದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಮಹಿಳೆಯ ಬಗ್ಗೆ ಪ್ರವಾದಿ ಮುಹಮ್ಮದ್(ಸ) ಹೇಳಿದ್ದನ್ನು ನಾವೆಲ್ಲ ಮದ್ರಸದಲ್ಲಿ ಕೇಳಿದ್ದೇವೆ. ನಾನು ಅದನ್ನು ಬರೀ ಊಟದ ವಿಷಯ ಎಂದುಕೊಂಡಿದ್ದೆ. ಪೆಟ್ಟಿಗೆಯಲ್ಲಿ ಕೂಡಿಹಾಕಿದ ಪ್ರಾಣಿಗೆ ಬೇಕಾದ ತೇವವೂ ನಮ್ಮ ಕೈಯಲ್ಲೇ ಇದೆ. ಅದು ಎದ್ದು ಹೋಗಿ ಹುತ್ತ ಹುಡುಕಲಾರದು.

ಎರಡು, ನಾವೂ ಸಾಕಬಹುದೇ? ನಮ್ಮ ನೆಲದ ನಾಗರಹಾವು, ಹೆಬ್ಬಾವು, ಕೇರೆ ಇವನ್ನು ಹಿಡಿದು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಎರಡು ದಿನ ಡ್ರಮ್ಮಿನಲ್ಲಿಟ್ಟು ಫೋಟೊ ತೆಗೆಸಿಕೊಳ್ಳುವುದು ಸಾಕಣೆಯಲ್ಲ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಬಾಲ್ ಪೈಥಾನ್‌ನಂಥ ವಿದೇಶಿ ಜಾತಿಗಳು ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅಣ್ಣನ ಬಳಿ ಆ ಕಾಗದವಿದೆ. ಆದರೆ ಕಾಗದ ಸುಲಭದ ಭಾಗ. ಈ ಹಾವು ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ನೀಟ್ ಬರೆದು, ಹಾಸ್ಟೆಲಿಗೆ ಹೋಗಿ, ಕೆಲಸ ಸಿಕ್ಕಿ, ಗಲ್ಫಿಗೆ ಹಾರಿದ ಮೇಲೂ ಅದು ಮನೆಯ ಮೂಲೆಯಲ್ಲಿ ಪೊರೆ ಬಿಡುತ್ತಾ ಇರುತ್ತದೆ. ಆಸೆ ಇದ್ದವರು ಮೊದಲು ಒಂದು ತೇವಾಂಶದ ಮೀಟರ್ ಕೊಂಡು ಖಾಲಿ ಪೆಟ್ಟಿಗೆಯಲ್ಲಿಟ್ಟು, ಒಂದು ವರ್ಷ ದಿನವೂ ಅದನ್ನು 60ರ ಮೇಲೆ ಉಳಿಸಿ ತೋರಿಸಲಿ. ಬೇಜಾರಾಗದಿದ್ದರೆ ಆಮೇಲೆ ಹಾವಿನ ಮಾತು. ನನಗಂತೂ ಬೇಜಾರಾಗುತ್ತದೆ, ಹಾಗಾಗಿ ನಾನು ಸಾಕುವುದಿಲ್ಲ. ಅಣ್ಣನ ಹಾವನ್ನು ನೋಡಲು ಹೋಗುತ್ತೇನೆ.

ಇನ್ನೊಂದು ಮಾತು, ಇದು ಸಾಕದವರಿಗೂ ಬೇಕಾದದ್ದು. ನಮ್ಮ ಮನೆಗಳ ಹಿಂದಿನ ಸೌದೆ ರಾಶಿ, ತೆಂಗಿನ ಸಿಪ್ಪೆಯ ಗುಡ್ಡೆ, ಕಲ್ಲು ಕಟ್ಟಿದ ತಗಡಿನ ಅಡಿ, ಇವೆಲ್ಲ ಕಾಡಿನ ಹಾವಿಗೆ ಪೊರೆ ಬಿಡಲು ಸಿಕ್ಕ ತೇವದ ಜಾಗಗಳೇ. ಮಂಕು ಬಣ್ಣದ, ನೀಲಿ ಕಣ್ಣಿನ ಹಾವೊಂದು ಅಲ್ಲಿ ಅಲುಗಾಡದೆ ಬಿದ್ದಿದ್ದರೆ ಅದು ಮುದಿಯಾದದ್ದೂ ಅಲ್ಲ, ಕಾಯಿಲೆ ಬಿದ್ದದ್ದೂ ಅಲ್ಲ. ಅದಕ್ಕೆ ಆಗ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಸಣ್ಣ ಅಲುಗಾಟಕ್ಕೂ ಹೆದರಿ ಕಚ್ಚಬಹುದು. ಅದು ನಾಗರಹಾವೋ ಕನ್ನಡಿ ಹಾವೋ ಆಗಿದ್ದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಕೋಲಿನಿಂದ ತಿವಿಯುವುದು, ‘ಪಾಪ’ ಎಂದು ನೀರು ಹಾಕಲು ಹತ್ತಿರ ಹೋಗುವುದು, ಎರಡೂ ಬೇಡ. ಮಕ್ಕಳನ್ನು ಆ ಕಡೆ ಬಿಡದೆ ದೂರ ಇರಿ. ಮನೆಗೆ ತೀರಾ ಹತ್ತಿರವಿದ್ದರೆ ಅರಣ್ಯ ಇಲಾಖೆಗೋ ಪಳಗಿದ ಹಾವು ಹಿಡಿಯುವವರಿಗೋ ತಿಳಿಸಿ. ಕಾಡಿನ ಹಾವಿಗೆ ನಮ್ಮ ಟವೆಲ್ ಬೇಡ.

ಖರ್ಜೂರ ಮತ್ತೆ ಪೊರೆ ಬಿಟ್ಟದ್ದು ಜೂನ್‌ನಲ್ಲಿ. ಬೆಂಗಳೂರಿನಲ್ಲಿ ಮಳೆ ಶುರುವಾಗಿತ್ತು, ಅಣ್ಣನ ಟವೆಲ್ ಅದರ ಜಾಗದಲ್ಲಿತ್ತು. ಈ ಸಲ ಒಂದೇ ತುಂಡು. ಹುರುಪೆಗಳ ಮಡಿಕೆಗಳೆಲ್ಲ ಬಿಚ್ಚಿಕೊಳ್ಳುವುದರಿಂದ ಪೊರೆ ಹಾವಿಗಿಂತ ಉದ್ದವೇ ಇರುತ್ತದೆ. ಅಣ್ಣ ಅದನ್ನು ಸುರುಳಿ ಸುತ್ತಿ, ಒಂದು ಮಿಠಾಯಿ ಡಬ್ಬಿಯಲ್ಲಿಟ್ಟು, ಬಕ್ರೀದಿಗೆ ಬಂದಾಗ ನನಗೆ ಕೊಟ್ಟ. ನಮ್ಮ ಬಯಾಲಜಿ ಲ್ಯಾಬಿನ ಮೈಕ್ರೋಸ್ಕೋಪಿನಡಿ ಅದರ ತಲೆಯ ಭಾಗವನ್ನು ಇಟ್ಟು ನೋಡಿದೆವು. ಎರಡು ಕಣ್ಣಿನ ಗಾಜುಗಳೂ ಅಲ್ಲಿದ್ದವು. ಬಲಗಡೆಯದು ಮಾತ್ರ ಸ್ವಲ್ಪ ದಪ್ಪ, ಎರಡು ಪದರ ಅಂಟಿಕೊಂಡು ಒಟ್ಟಿಗೇ ಬಂದಿತ್ತು. ಕುತ್ತಿಗೆಯ ಹತ್ತಿರ ಒಂದು ಹುರುಪೆಯ ಜಾಗ ಸೊಟ್ಟಗಿದೆ. ಪೊರೆ ಈಗ ಲ್ಯಾಬಿನ ಎರಡನೆಯ ಕಪಾಟಿನಲ್ಲಿದೆ, ಸರ್ ಅವರನ್ನು ಕೇಳಿದರೆ ತೋರಿಸುತ್ತಾರೆ.